ಐರಿಶ್ ಕಾಫಿ ಐಸ್ ಆದ ಕಥೆ

ಭಾಗ 1

ಫೋಟೊದಲ್ಲಿ ಕಾಣ್ತಿರೋದು ಮಳೆಗಾಲದ ರಸ್ತೆ ಗುಂಡಿಯ ನೀರಲ್ಲ. ಕಳೆದ ಶನಿವಾರ ನಾವು ನಾಲ್ಕು ಜನ ಸೇರಿ ಮಾಡಿದ "ಫ್ರೋಜನ್ ಐರಿಶ್ ಕಾಫಿ".

ರೀಲ್‌ನಲ್ಲಿ ನೋಡಿದಾಗ ಹದಿನೈದು ಸೆಕೆಂಡಿನ ಕೆಲಸ. ಕಾಫಿ ಹಾಕು, ಐಸ್ ಹಾಕು, ಗುಂಡಿ ಒತ್ತು, ಮುಗೀತು. ನಮ್ಮಲ್ಲಿ ಆಗಿದ್ದೇ ಬೇರೆ. ಬಿಸಿ ಡಿಕಾಕ್ಷನ್ನನ್ನು ಹಾಗೇ ಐಸ್ ಮೇಲೆ ಸುರಿದು ಮಿಕ್ಸಿ ತಿರುಗಿಸಿದ್ವಿ. ಮೊದಲು ಜಾರಿನ ಮುಚ್ಚಳ ಹಾರಿತು, ಆಮೇಲೆ ಕಾಫಿ ಹಾರಿ ಗೋಡೆಗೆ ಬಿತ್ತು. ಉಳಿದದ್ದನ್ನ ಲೋಟಕ್ಕೆ ಹಾಕಿ ಫೋಟೊ ಹೊಡೆಯೋಷ್ಟರಲ್ಲಿ ಮೇಲೆ ನೊರೆ, ಕೆಳಗೆ ಕಂದು ನೀರು. ಬಾಡಿಗೆ ಮನೆ ಗೋಡೆ ಬೇರೆ. ಓನರ್ ಆಂಟಿ ಈ ಪೇಜ್ ಫಾಲೋ ಮಾಡಲ್ಲ ಅನ್ನೋದೊಂದೇ ಧೈರ್ಯ.

ಗೋಡೆ ಒರೆಸ್ತಾ ಗೆಳತಿಯೊಬ್ಬಳು ಕೇಳಿದ್ಲು: "ಇದನ್ನ ಮೊದಲು ಮಾಡಿದ ಪುಣ್ಯಾತ್ಮ ಯಾರು?" ಬೈಯ್ಯೋದಕ್ಕೆ ಒಂದು ಹೆಸರು ಬೇಕಿತ್ತು ಅವಳಿಗೆ, ಅಷ್ಟೇ. ನಾನು ಎಂ.ಎ. ಇತಿಹಾಸದವನು. ಆ ಪ್ರಶ್ನೆ ನನ್ನನ್ನ ವಾರವಿಡೀ ಬಿಡಲಿಲ್ಲ. ಇಂಟರ್ನಲ್ಸ್‌ಗೆ ಓದಬೇಕಾದ ವಾರ ಅದು.

ಹುಡುಕಿದಾಗ ಗೊತ್ತಾಗಿದ್ದು: ಪುಣ್ಯಾತ್ಮ ಒಬ್ಬನಲ್ಲ. ವಿಮಾನ ನಿಲ್ದಾಣದ ಒಬ್ಬ ಅಡುಗೆಯವ, ಒಬ್ಬ ಪೇಪರ್ ಅಂಕಣಕಾರ, ಒಬ್ಬ ಬ್ಯಾಂಡ್ ಮಾಸ್ಟರ್, ಸೋಡಾ ಮೆಷಿನ್ ಕೆಟ್ಟುಹೋದ ಒಬ್ಬ ಅಂಗಡಿಯವ, ಕೆಲಸ ಬಿಡ್ತೀನಿ ಅಂತ ಹೆದರಿಸಿದ ಒಬ್ಬ ಬಾರ್‌ಟೆಂಡರ್. ಇವರಲ್ಲಿ ಬಹಳಷ್ಟು ಜನಕ್ಕೆ ತಾವು ಮಾಡಿದ್ದು ತಮ್ಮ ಸ್ವತ್ತಾಗಿ ಉಳಿಯಲಿಲ್ಲ. ಆ ಕಥೆ ಹೇಳೋಣ ಅಂತ ಈ ಸರಣಿ. ಮುಂದಿನ ಭಾಗಕ್ಕೆ ಸ್ವೈಪ್ ಮಾಡ್ತಾ ಹೋಗಿ.

(ಮೊದಲೇ ಹೇಳಿಬಿಡ್ತೀನಿ. ಮದ್ಯದ ಮಾತು ಬರುತ್ತೆ. ಕಾನೂನಿನ ವಯಸ್ಸಾಗದ ಜೂನಿಯರ್ಸ್ ಕಥೆ ಓದಿ, ಕೊನೆಯ ಭಾಗದಲ್ಲಿ ಮದ್ಯ ಇಲ್ಲದ ವಿಧಾನವೂ ಇದೆ. ನಿಜ ಹೇಳ್ಬೇಕಂದ್ರೆ ಅದೇ ಚೆನ್ನಾಗಿ ಗಟ್ಟಿಯಾಗುತ್ತೆ, ಕಾರಣ ಆಮೇಲೆ ಹೇಳ್ತೀನಿ.)

ಭಾಗ 2

ಐರ್ಲೆಂಡಿನ ಪಶ್ಚಿಮಕ್ಕೆ ಶಾನನ್ ನದಿ ಸಮುದ್ರ ಸೇರೋ ಕಡೆ ಫಾಯಿನ್ಸ್ ಅಂತ ಒಂದು ಪುಟ್ಟ ಊರು. 1939ರಿಂದ 1945ರವರೆಗೆ ಆ ಊರು ಯುರೋಪ್ ಮತ್ತು ಅಮೆರಿಕದ ನಡುವಿನ ಬಹುಮುಖ್ಯ ವಿಮಾನ ನಿಲ್ದಾಣ ಆಗಿತ್ತು ಅಂದ್ರೆ ನಂಬ್ತೀರಾ? ರನ್‌ವೇನೇ ಇರಲಿಲ್ಲ. ಆಗ ಅಟ್ಲಾಂಟಿಕ್ ದಾಟುತ್ತಿದ್ದ ದೊಡ್ಡ ವಿಮಾನಗಳು ನೀರಿನ ಮೇಲೆ ಇಳಿಯೋವು. ಹಾರುವ ದೋಣಿ ಅಂತಲೇ ಅವಕ್ಕೆ ಹೆಸರು. ಪ್ರಯಾಣಿಕರು ವಿಮಾನದಿಂದ ಲಾಂಚ್‌ಗೆ ಇಳಿದು, ನದಿಯ ಚಳಿಗಾಳಿಯಲ್ಲಿ ನಡುಗುತ್ತಾ ದಡಕ್ಕೆ ಬರಬೇಕಿತ್ತು. ಚಳಿಗಾಲದ ರಾತ್ರಿ ಅಂದ್ರೆ ಕೇಳಲೇಬೇಡಿ.

ಆ ನಿಲ್ದಾಣದ ರೆಸ್ಟೋರೆಂಟಿನಲ್ಲಿ ಅಡುಗೆ ಮುಖ್ಯಸ್ಥ ಜೋ ಶೆರಿಡನ್. ಟೈರೋನ್ ಕೌಂಟಿಯ ಕ್ಯಾಸಲ್‌ಡರ್ಗ್ ಕಡೆಯವನು. ಯುದ್ಧದ ವರ್ಷಗಳ ಒಂದು ಚಳಿಗಾಲದ ರಾತ್ರಿ ಅಮೆರಿಕಕ್ಕೆ ಹೊರಟ ವಿಮಾನ ಹವಾಮಾನ ಕೆಟ್ಟು ಅರ್ಧದಾರಿಯಿಂದ ವಾಪಸ್ ಬಂತು. ಸುಸ್ತಾಗಿ, ಮರಗಟ್ಟಿ ಬಂದ ಜನಕ್ಕೆ ಶೆರಿಡನ್ ಬಿಸಿ ಕಾಫಿಗೆ ಐರಿಶ್ ವಿಸ್ಕಿ, ಸಕ್ಕರೆ ಬೆರೆಸಿ, ಮೇಲೆ ಕೆನೆ ತೇಲಿಸಿ ಕೊಟ್ಟ. ಇದು ಬ್ರೆಜಿಲ್ ಕಾಫಿನಾ ಅಂತ ಒಬ್ಬರು ಕೇಳಿದ್ರಂತೆ, ಅಲ್ಲ, ಐರಿಶ್ ಕಾಫಿ ಅಂದನಂತೆ.

ಈ ಕೊನೆಯ ಸಂಭಾಷಣೆ ನನಗೆ ಸ್ವಲ್ಪ ಡೌಟು. ಸಿನಿಮಾ ಡೈಲಾಗ್ ಥರ ಅಷ್ಟು ಅಚ್ಚುಕಟ್ಟಾಗಿರೋ ಮಾತು ಸಾಮಾನ್ಯವಾಗಿ ಆಮೇಲೆ ಹುಟ್ಟಿದ್ದಾಗಿರುತ್ತೆ. ಅದೂ ಅಲ್ಲದೆ ಕಾಫಿಗೆ ಮದ್ಯ ಬೆರೆಸೋದು ಶೆರಿಡನ್ ಕಂಡುಹಿಡಿದದ್ದಲ್ಲ. ಜರ್ಮನಿಯ ಉತ್ತರ ಕರಾವಳಿಯಲ್ಲಿ ರಮ್ ಹಾಕಿ, ವಾಸನೆ ಹೊರಗೆ ಬರದಂತೆ ಮೇಲೆ ಕೆನೆ ಮುಚ್ಚಿದ "ಫಾರಿಸೇಯರ್" ಅನ್ನೋ ಕಾಫಿ 19ನೇ ಶತಮಾನದಿಂದಲೇ ಇದೆ. ಆದರೆ ನಿಲ್ದಾಣ ನಿಜ, ಅಡುಗೆಯವ ನಿಜ, ಚಳಿ ನಿಜ. ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಮೇಲೆ ಬಿಳಿ ಕೆನೆ ಅನ್ನೋ ಆ ರೂಪ ಲೋಕಕ್ಕೆ ಹೋದದ್ದು ಅವನ ಕೈಯಿಂದಲೇ.

ಒಂದು ವಿಷಯ ನೆನಪಿಟ್ಕೊಳ್ಳಿ. ಇದು ಚಳಿಗೆ ಹುಟ್ಟಿದ ಪಾನೀಯ. ಮೈ ಬೆಚ್ಚಗಾಗಲಿ ಅಂತ ಮಾಡಿದ್ದು.

ಭಾಗ 3

ಯುದ್ಧ ಮುಗೀತು, ಹಾರುವ ದೋಣಿಗಳ ಕಾಲವೂ ಮುಗೀತು. ನದಿಯ ಆಚೆ ದಡದಲ್ಲಿ ನೆಲದ ಮೇಲೆ ಇಳಿಯೋ ವಿಮಾನಗಳಿಗೆ ಶಾನನ್ ನಿಲ್ದಾಣ ಬಂತು. ಐರಿಶ್ ಕಾಫಿಯೂ ಅಲ್ಲಿಗೆ ಹೋಯ್ತು. ಅಲ್ಲಿ ಕುಡಿದವರಲ್ಲಿ ಒಬ್ಬ ಸ್ಟಾಂಟನ್ ಡೆಲಪ್ಲೇನ್, ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ಅಂಕಣಕಾರ, ಪುಲಿಟ್ಜರ್ ಗೆದ್ದವನು.

1952ರ ನವೆಂಬರ್ 10ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯೂನಾ ವಿಸ್ಟಾ ಕೆಫೆಯ ಮಾಲೀಕ ಜಾಕ್ ಕೋಪ್ಲರ್ ಮತ್ತು ಈ ಡೆಲಪ್ಲೇನ್ ಕೂತು ಆ ಕಾಫಿಯನ್ನ ಮತ್ತೆ ಮಾಡೋಕೆ ಹೊರಟರು. ರುಚಿ ಹೇಗೋ ಹತ್ತಿರ ಬಂತು. ಕೆನೆ ಮಾತ್ರ ತೇಲಲೇ ಇಲ್ಲ, ಪ್ರತಿ ಸಲ ಮುಳುಗಿತು. ನಮ್ಮ ಶನಿವಾರ ರಾತ್ರಿಯ ಹಾಗೇ, ಆದ್ರೆ ಅವರ ಹತ್ತಿರ ವಿಸ್ಕಿ ಜಾಸ್ತಿ ಇತ್ತು. ಕೊನೆಗೆ ದಾರಿ ತೋರಿಸಿದ್ದು ಡೈರಿ ಮಾಲೀಕ ಜಾರ್ಜ್ ಕ್ರಿಸ್ಟೋಫರ್, ಮುಂದೆ ಆ ನಗರದ ಮೇಯರ್ ಆದವನು. ಕೆನೆಯನ್ನ 48 ಗಂಟೆ ಹಾಗೇ ಇಟ್ಟು, ಆಮೇಲೆ ಹದವಾಗಿ ಕಡೆದರೆ ತೇಲುತ್ತೆ ಅಂದ. ತೇಲಿತು. ಡೆಲಪ್ಲೇನ್ ಅಂಕಣದಲ್ಲಿ ಬರೆದ, ಜನ ಸಾಲುಗಟ್ಟಿದರು. ಇವತ್ತಿಗೂ ಕೇಬಲ್ ಕಾರ್ ಇಳಿದವರು ನೇರ ಆ ಕೆಫೆಗೆ ಹೋಗ್ತಾರೆ, ಬಾರ್‌ನ ಮೇಲೆ ಸಾಲಾಗಿ ಲೋಟ ಇಟ್ಟು ಒಂದೇ ಸಲ ಹತ್ತಾರು ತುಂಬೋದನ್ನ ವಿಡಿಯೊ ಮಾಡ್ತಾರೆ.

ಇಲ್ಲಿ ನಾನು ಒಂದು ನಿಮಿಷ ನಿಂತೆ. ಶೆರಿಡನ್ ಏನಾದ?

ಅವನೂ 1952ರಲ್ಲಿ ಐರ್ಲೆಂಡ್ ಬಿಟ್ಟ. ಹೋದದ್ದು ಅದೇ ಬ್ಯೂನಾ ವಿಸ್ಟಾ ಕೆಫೆಗೆ, ಕೆಲಸಕ್ಕೆ. ತನ್ನ ಹೆಸರಿನ ಜೊತೆ ಸೇರಬೇಕಾಗಿದ್ದ ಪಾನೀಯ ಇನ್ನೊಬ್ಬರ ಬೋರ್ಡಿನ ಕೆಳಗೆ ಫೇಮಸ್ ಆಗ್ತಿದ್ದಾಗ ಅವನು ಆ ಬೋರ್ಡಿನ ಕೆಳಗೇ ಸಂಬಳಕ್ಕೆ ನಿಂತಿದ್ದ. ತೀರಿಕೊಂಡದ್ದು 1962ರಲ್ಲಿ, ಸಮಾಧಿ ಇರೋದು ಕೊಲ್ಲಿಯ ಆಚೆಗಿನ ಓಕ್‌ಲ್ಯಾಂಡಿನಲ್ಲಿ. ಅವನಿಗೆ ಅನ್ಯಾಯ ಆಯ್ತು ಅಂತ ನಾನು ಹೇಳ್ತಿಲ್ಲ. ಕೆಫೆಯವರು ಇವತ್ತಿಗೂ ಅವನ ಹೆಸರು ಹೇಳ್ತಾರೆ. ಒಳ್ಳೇ ಕೆಲಸ ಸಿಕ್ತು ಅಂತ ಅವನಿಗೆ ಖುಷಿಯೇ ಇದ್ದಿರಬಹುದು. ಆದರೂ ಸಾವಿರಾರು ಮೈಲಿ ದೂರದ ಊರಿನಲ್ಲಿ, ತಾನೇ ಮಾಡಿದ್ದನ್ನ ಬೇರೆಯವರು ತುಂಬೋದನ್ನ ನೋಡ್ತಾ ನಿಂತ ಆ ಮನುಷ್ಯನ ಮೊದಲ ದಿನ ಹೇಗಿತ್ತೋ ಅಂತ ಯೋಚನೆ ಬರುತ್ತೆ.

ಭಾಗ 4

ಇಲ್ಲಿವರೆಗೆ ಎಲ್ಲಾ ಬಿಸಿ. ಐಸ್ ಆಗೋದಕ್ಕೆ ಮೆಷಿನ್ ಬೇಕು. ಮೆಷಿನ್ ಕಥೆಗೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಅದೂ ಹಾರ್ಲಿಕ್ಸ್ ಊರಿಗೆ.

ಹೌದು, ನಾವು ಪರೀಕ್ಷೆ ಟೈಮಲ್ಲಿ ಕುಡಿದ ಅದೇ ಹಾರ್ಲಿಕ್ಸ್. ಇಂಗ್ಲೆಂಡಿನಿಂದ ವಲಸೆ ಹೋದ ಹಾರ್ಲಿಕ್ ಸಹೋದರರು ಅದನ್ನ ಬೆಳೆಸಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಊರಿನಲ್ಲಿ. ಆ ಮಾಲ್ಟ್ ಪುಡಿಯನ್ನ ಹಾಲಿಗೆ ಹಾಕಿ ಅಲುಗಾಡಿಸಿ ಕೊಡೋದು ಅಮೆರಿಕದ ಸೋಡಾ ಅಂಗಡಿಗಳಲ್ಲಿ ದೊಡ್ಡ ವ್ಯಾಪಾರ. ಗಂಟು ಇಲ್ಲದೆ ಕಲಸೋಕೆ ಯಂತ್ರ ಬೇಕಿತ್ತು. ಅದೇ ರೇಸೀನ್‌ನಲ್ಲಿದ್ದ, ಪೋಲೆಂಡ್ ಮೂಲದ ಸ್ಟೀಫನ್ ಪೊಪ್ಲಾವ್‌ಸ್ಕಿ ಜಾರಿನ ತಳದಲ್ಲೇ ತಿರುಗೋ ಬ್ಲೇಡ್ ಇಟ್ಟು 1922ರಲ್ಲಿ ಪೇಟೆಂಟ್ ತಗೊಂಡ. ನಿಮ್ಮ ಮನೆ ಮಿಕ್ಸಿ ಜಾರನ್ನ ಒಮ್ಮೆ ಬಗ್ಗಿ ನೋಡಿ. ಆ ತಳದ ಬ್ಲೇಡಿನ ಮೂಲ ಯೋಚನೆ ಇವನದು.

ಹೆಸರು ಬಂದದ್ದು ಮಾತ್ರ ಇನ್ನೊಬ್ಬನಿಗೆ. ಫ್ರೆಡ್ ವೇರಿಂಗ್ ಅಂತ ರೇಡಿಯೋದಲ್ಲಿ ಬಹಳ ಜನಪ್ರಿಯನಾಗಿದ್ದ ಬ್ಯಾಂಡ್ ಮಾಸ್ಟರ್. 1936ರಲ್ಲಿ ಫ್ರೆಡರಿಕ್ ಓಸಿಯಸ್ ಅನ್ನೋ ಇಂಜಿನಿಯರ್ ಒಂದು ಅರೆಬರೆ ಯಂತ್ರ ಹಿಡ್ಕೊಂಡು ಅವನ ಹತ್ತಿರ ಹೋದ, ದುಡ್ಡು ಹಾಕು ಅಂತ. ವೇರಿಂಗ್ ಹಾಕಿದ. 1937ರಲ್ಲಿ ಷಿಕಾಗೋದ ರೆಸ್ಟೋರೆಂಟ್ ಮೇಳದಲ್ಲಿ "ಮಿರಾಕಲ್ ಮಿಕ್ಸರ್" ಅಂತ ಮಾರಾಟಕ್ಕೆ ಬಂತು, ಬೆಲೆ 29 ಡಾಲರ್ 75 ಸೆಂಟ್. ಮರುವರ್ಷ ಹೆಸರು ವೇರಿಂಗ್ ಬ್ಲೆಂಡರ್ ಆಯ್ತು. ಬ್ಯಾಂಡ್ ಜೊತೆ ಊರೂರು ಸುತ್ತುತ್ತಾ ಹೋಟೆಲ್, ಬಾರ್‌ಗಳಲ್ಲಿ ತೋರಿಸಿ ಮಾರಿದ. ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್ ನಮ್ಮ ಕಾಲದ್ದು ಅಂದ್ಕೊಂಡಿದ್ರಾ?

ಇದೇ ದಶಕದಲ್ಲಿ ಕ್ಯೂಬಾದ ಹವಾನಾದಲ್ಲಿ ಎಲ್ ಫ್ಲೋರಿಡಿಟಾ ಬಾರ್‌ನ ಕಾನ್‌ಸ್ಟಾಂಟಿನೋ ರಿಬಾಲೈಗುವ ರಮ್, ನಿಂಬೆರಸ, ಸಕ್ಕರೆಯನ್ನ ಪುಡಿ ಐಸಿನ ಜೊತೆ ವಿದ್ಯುತ್ ಯಂತ್ರದಲ್ಲಿ ತಿರುಗಿಸಿ ಫ್ರೋಜನ್ ಡೈಕ್ವಿರಿ ಕೊಡ್ತಿದ್ದ. ಲೋಟದಲ್ಲಿ ಹಿಮದ ಗುಡ್ಡೆ ಥರ ನಿಲ್ಲೋ ಮದ್ಯ ಅಲ್ಲಿಂದ ಫ್ಯಾಷನ್ ಆಯ್ತು.

(ಅದೇ ವೇರಿಂಗ್ ಬ್ಲೆಂಡರನ್ನ ಜೋನಸ್ ಸಾಕ್ ಪೋಲಿಯೋ ಲಸಿಕೆಯ ಸಂಶೋಧನೆಯಲ್ಲೂ ಬಳಸಿದ. ಇದಕ್ಕೂ ಕಾಫಿಗೂ ಸಂಬಂಧ ಇಲ್ಲ. ಗೊತ್ತಾದ ಮೇಲೆ ಹೇಳದೆ ಇರೋಕಾಗಲಿಲ್ಲ.)

ಭಾಗ 5

ಈಗ ನನಗೆ ಅತಿ ಇಷ್ಟವಾದ ಭಾಗ.

ಬ್ಲೆಂಡರಿನ ತೊಂದರೆ ಏನು ಗೊತ್ತಾ? ಅದು ಐಸನ್ನ ಒಡೆಯುತ್ತೆ ಅಷ್ಟೇ, ತಂಪು ಮಾಡಲ್ಲ. ಒಡೆದ ಕ್ಷಣದಿಂದ ಐಸ್ ಕರಗ್ತಾ ಹೋಗುತ್ತೆ. ಒಂದು ಲೋಟಕ್ಕೆ ಸರಿ, ಶನಿವಾರ ಸಂಜೆ ಇನ್ನೂರು ಜನ ಕೇಳಿದ್ರೆ?

ಕಾನ್ಸಾಸ್ ರಾಜ್ಯದಲ್ಲಿ ಕಾಫಿವಿಲ್ ಅಂತ ಒಂದು ಊರಿದೆ. ಹೆಸರು ನೋಡಿ ನಾನೂ ಕುಣಿದಾಡಿದೆ, ಆದರೆ ಕಾಫಿಗೂ ಅದಕ್ಕೂ ಸಂಬಂಧವಿಲ್ಲ. ಜೇಮ್ಸ್ ಕಾಫಿ ಅನ್ನೋನು ಅಲ್ಲಿ ವ್ಯಾಪಾರದ ಮಳಿಗೆ ಹಾಕಿದ್ದ, ಅದಕ್ಕೇ ಆ ಹೆಸರು. 1950ರ ದಶಕದ ಕೊನೆಯಲ್ಲಿ ಆ ಊರಲ್ಲಿ ಐಸ್‌ಕ್ರೀಂ ಅಂಗಡಿ ಇಟ್ಟಿದ್ದ ಓಮರ್ ನೆಡ್ಲಿಕ್‌ನ ಸೋಡಾ ಮೆಷಿನ್ ಕೆಟ್ಟುಹೋಯ್ತು. ಬೇರೆ ದಾರಿ ಇಲ್ಲದೆ ಬಾಟಲಿಗಳನ್ನ ಫ್ರೀಜರ್‌ನಲ್ಲಿಟ್ಟ. ತೆಗೆದಾಗ ಅರ್ಧ ಹೆಪ್ಪುಗಟ್ಟಿ ಮೆತ್ತಗಿತ್ತು. ಗಿರಾಕಿಗಳು ಅದನ್ನೇ ಕೊಡು ಅಂದ್ರು. ಅದನ್ನ ಮಾಡೋಕೇ ಒಂದು ಯಂತ್ರ ಬೇಕು ಅಂತ ಹೊರಟ. ಡಲ್ಲಾಸಿನ ಒಂದು ಕಂಪನಿ ಕಾರಿನ ಏರ್ ಕಂಡೀಷನರ್ ತಂತ್ರಜ್ಞಾನ ಬಳಸಿ ಅದನ್ನ ಕಟ್ಟಿಕೊಟ್ಟಿತು. 1960ರ ದಶಕದಲ್ಲಿ ಸೆವೆನ್-ಇಲೆವೆನ್ ಅಂಗಡಿಗಳು ಅದನ್ನ ತಗೊಂಡು "ಸ್ಲರ್ಪಿ" ಅಂತ ಮಾರಿದವು.

ಡಲ್ಲಾಸ್ ಹೆಸರು ನೆನಪಿರಲಿ. 1971ರಲ್ಲಿ ಅದೇ ಊರಲ್ಲಿ ಮಾರಿಯಾನೋ ಮಾರ್ಟಿನೆಜ್ ಅನ್ನೋ 26ರ ಹುಡುಗ ಮೆಕ್ಸಿಕನ್ ಹೋಟೆಲ್ ತೆರೆದಿದ್ದ. ಟೆಕ್ಸಸ್‌ನಲ್ಲಿ ಮದ್ಯವನ್ನ ಲೋಟದ ಲೆಕ್ಕದಲ್ಲಿ ಮಾರೋಕೆ ಆಗ ತಾನೇ ಅನುಮತಿ ಸಿಕ್ಕಿತ್ತು. ಅಪ್ಪನ ರೆಸಿಪಿಯ ಫ್ರೋಜನ್ ಮಾರ್ಗರಿಟಾಗೆ ಜನ ಮುಗಿಬಿದ್ದರು. ಬ್ಲೆಂಡರ್‌ನಲ್ಲಿ ಒಂದೊಂದೇ ಮಾಡಿ ಮಾಡಿ ಬಾರ್‌ಟೆಂಡರ್ ಹೈರಾಣಾದ, ಒಂದು ಲೋಟದ ಹಾಗೆ ಇನ್ನೊಂದು ಇರ್ತಿರಲಿಲ್ಲ, ಗಿರಾಕಿಗಳ ಕಂಪ್ಲೇಂಟ್ ಬೇರೆ. ಕೊನೆಗೆ ಬಾರ್‌ಟೆಂಡರ್ ಕೆಲಸ ಬಿಡ್ತೀನಿ ಅಂದ.

ಮರುದಿನ ಬೆಳಗ್ಗೆ ಚಿಂತೆಯಲ್ಲಿ ಮಾರ್ಟಿನೆಜ್ ಸೆವೆನ್-ಇಲೆವೆನ್‌ಗೆ ಹೋದ. ಯಾಕೆ ಗೊತ್ತಾ, ಒಂದು ಕಪ್ ಕಾಫಿಗೆ! ಅಲ್ಲಿ ಸ್ಲರ್ಪಿ ಮೆಷಿನ್ ತಿರುಗ್ತಾ ಇತ್ತು.

ಮದ್ಯ ಗಟ್ಟಿಯಾಗಲ್ಲ, ಇದರಲ್ಲಿ ಆಗೋ ಕೆಲಸ ಅಲ್ಲ ಅಂತ ತಿಳಿದವರು ಹೇಳಿದ್ರು. ಅವನು ಒಂದು ಹಳೇ ಸಾಫ್ಟ್ ಸರ್ವ್ ಐಸ್‌ಕ್ರೀಂ ಮೆಷಿನ್ ತಂದು ಪ್ರಯೋಗ ಶುರು ಮಾಡಿದ. ನೀರು ಬೆರೆಸಿದ್ರೆ ರುಚಿ ಸಪ್ಪೆ. ಕೊನೆಗೆ ಕೀಲಿ ಸಿಕ್ಕಿದ್ದು ಸಕ್ಕರೆಯಲ್ಲಿ, ಅದರ ಪ್ರಮಾಣ ಸರಿಹೋದಾಗ ಮಿಶ್ರಣ ಕಲ್ಲೂ ಆಗದೆ ನೀರೂ ಆಗದೆ ಮಧ್ಯದಲ್ಲಿ ನಿಂತಿತು. ಆ ಮೆಷಿನ್ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ, 2005ರಲ್ಲಿ ಸೇರಿಸಿಕೊಂಡರು. ಆದ್ರೆ ಪೇಟೆಂಟ್ ಅವನ ಹತ್ತಿರ ಇರಲಿಲ್ಲ. ಊರೂರಿನ ಬಾರ್‌ಗಳಲ್ಲಿ ಅದೇ ಥರದ ಯಂತ್ರ ಬಂದು ಕೂತವು, ಅವನಿಗೆ ಒಂದು ಸೆಂಟೂ ಬರಲಿಲ್ಲ.

ಆ ಬಾರ್‌ಟೆಂಡರ್ ಹೆಸರು ಈ ಕಥೆ ಹೇಳೋರ ಬಾಯಲ್ಲಿ ಬರೋದೇ ಇಲ್ಲ. ಮ್ಯೂಸಿಯಂನಲ್ಲಿ ಮೆಷಿನ್ ಇದೆ. ಆ ಮೆಷಿನ್ ಬರೋದಕ್ಕೆ ಕಾರಣ ಅವನ ಕೈ ನೋವು.

ಭಾಗ 6

ಹೀಗೆ ಒಂದು ಕಡೆ ಐರ್ಲೆಂಡಿನ ಬಿಸಿ ಕಾಫಿ, ಇನ್ನೊಂದು ಕಡೆ ತಿರುಗುತ್ತಾ ಹೆಪ್ಪುಗಟ್ಟಿಸೋ ಯಂತ್ರ. ಎರಡೂ ಸೇರಿದ್ದು ಲೂಸಿಯಾನಾದ ನ್ಯೂ ಆರ್ಲಿಯನ್ಸ್‌ನಲ್ಲಿ.

ನ್ಯೂ ಆರ್ಲಿಯನ್ಸ್ ಸೆಖೆ ಅಂದ್ರೆ ನಮ್ಮ ಮಂಗಳೂರು ಸೆಖೆ ನೆನೆಸಿಕೊಳ್ಳಿ. ಮಿಸಿಸಿಪ್ಪಿ ನದಿ ಒಂದು ಕಡೆ, ಸರೋವರ ಇನ್ನೊಂದು ಕಡೆ, ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತೆ. ಆ ಊರಲ್ಲಿ ಐರಿಶ್ ವಲಸಿಗರ ದೊಡ್ಡ ಚರಿತ್ರೆಯೂ ಇದೆ. ಅಂಥ ಊರಿನ ಐರಿಶ್ ಬಾರ್‌ನಲ್ಲಿ ಜುಲೈ ತಿಂಗಳಲ್ಲಿ ಹೊಗೆಯಾಡೋ ಐರಿಶ್ ಕಾಫಿ ಯಾರು ಕುಡೀತಾರೆ? ಡೆಕಾಟರ್ ರಸ್ತೆಯಲ್ಲಿ ಮಾಲೀಸ್ ಅಟ್ ದ ಮಾರ್ಕೆಟ್ ಅನ್ನೋ ಬಾರ್ ನಡೆಸ್ತಿದ್ದ ಜಿಮ್ ಮೊನಹನ್ ಅದೇ ಕಾಫಿಯನ್ನ ಯಂತ್ರದಲ್ಲಿ ಹೆಪ್ಪುಗಟ್ಟಿಸಿ ಕೊಡೋಕೆ ಶುರು ಮಾಡಿದ ಅಂತ ಆ ಊರು ಹೇಳುತ್ತೆ. ಬೌರ್ಬನ್ ರಸ್ತೆಯ ಮಗ್ಗುಲಲ್ಲಿ ಎರಿನ್ ರೋಸ್ ಅಂತ ಇನ್ನೊಂದು ಬಾರ್ ಇದೆ, ಅಲ್ಲಿಯದೂ ಅಷ್ಟೇ ಫೇಮಸ್. ಯಾರದ್ದು ಚೆಂದ ಅನ್ನೋದು ಅಲ್ಲಿನವರಿಗೆ ನಮ್ಮ ಮೈಸೂರು ಮಸಾಲೆ, ದಾವಣಗೆರೆ ಬೆಣ್ಣೆ ದೋಸೆ ಜಗಳದ ಥರ.

ಪ್ಲಾಸ್ಟಿಕ್ ಕಪ್‌ನಲ್ಲಿ ಹಾಕಿ, ಮೇಲೆ ಚಿಟಿಕೆ ಕಾಫಿ ಪುಡಿ ಉದುರಿಸಿ ಕೊಡ್ತಾರೆ. ಕುಡೀತಾ ಬೀದಿಯಲ್ಲಿ ನಡೆದುಹೋಗ್ಬಹುದು, ಆ ಊರಿನ ಕಾನೂನು ಬಿಡುತ್ತೆ. ಒಳಗೆ ಐಸ್‌ಕ್ರೀಮಿನ ಹಾಗಿರೋ ಹಾಲಿನ ಮಿಶ್ರಣ, ಕಾಫಿ, ಕಾಫಿ ಲಿಕರ್. ವಿಸ್ಕಿ ಬದಲು ಬ್ರಾಂಡಿ ಹಾಕೋದೂ ಉಂಟು. ಬ್ರಾಂಡಿ ಬೆರೆಸಿದ ಹಾಲು ಆ ಊರಿನ ಹಳೇ ಚಟ.

ಈಗ ಯೋಚಿಸಿ. ಬಿಸಿ ಇಲ್ಲ. ತೇಲೋ ಕೆನೆ ಇಲ್ಲ, ಯಾಕಂದ್ರೆ ಯಂತ್ರ ಎಲ್ಲವನ್ನೂ ಒಂದಾಗಿಸಿಬಿಡುತ್ತೆ. ಕೋಪ್ಲರ್ ರಾತ್ರಿಯೆಲ್ಲಾ ಒದ್ದಾಡಿದ್ದು ಆ ಕೆನೆಗಾಗಿ, ತಣ್ಣನೆ ಕೆನೆಯ ಪದರದಿಂದ ಬಿಸಿ ಕಾಫಿ ಹೀರೋ ಆ ಒಂದು ಗುಟುಕಿಗಾಗಿ. ಅದೇ ಹೋಯ್ತು. ಕೆಲವೊಮ್ಮೆ ಐರಿಶ್ ವಿಸ್ಕಿಯೂ ಇಲ್ಲ. ಆದ್ರೂ ಹೆಸರು ಐರಿಶ್ ಕಾಫಿ. ಇದು ಮೋಸಾನಾ? ನನಗೆ ಹಾಗನ್ನಿಸಲ್ಲ. ಶೆರಿಡನ್ ಮಾಡಿದ್ದು ತನ್ನ ಎದುರಿಗೆ ನಿಂತವರ ಮೈ ನೋಡಿ. ಅವರು ನಡುಗ್ತಾ ಇದ್ರು. ಮೊನಹನ್ ಎದುರಿಗೆ ನಿಂತವರು ಬೆವರ್ತಾ ಇದ್ರು. ರೆಸಿಪಿ ತಲೆಕೆಳಗಾಯ್ತು, ಕೆಲಸ ಅದೇ.

ಇನ್ನೊಂದು ವಿಷಯ, ಇದನ್ನ ಓದಿ ನಾನು ನಿಜಕ್ಕೂ ಎದ್ದು ಕೂತೆ. ಅದೇ ಡೆಕಾಟರ್ ರಸ್ತೆಯಲ್ಲಿ ಕೆಫೆ ಡು ಮಾಂಡ್ ಅನ್ನೋ ಕಾಫಿ ಅಂಗಡಿ 1862ರಿಂದ ಇದೆ. ಅಲ್ಲಿನ ಕಾಫಿಯಲ್ಲಿ ಚಿಕೋರಿ. ಹೌದು, ನಮ್ಮ ಫಿಲ್ಟರ್ ಕಾಫಿಯ ಚಿಕೋರಿನೇ! ಫ್ರೆಂಚರಿಂದ ಬಂದ ಅಭ್ಯಾಸ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ಬಂದರು ಮುಚ್ಚಿಸಿ ಕಾಫಿ ಬೀಜ ಸಿಗದಾದಾಗ ಇನ್ನೂ ಗಟ್ಟಿಯಾಯ್ತು. ಬಂದರು ತೆರೆದ ಮೇಲೂ ಜನ ಬಿಡಲಿಲ್ಲ. ಕೆಳಗೆ ನೊರೆಹಾಲು, ಮೇಲೆ ಚಿಕೋರಿ ಡಿಕಾಕ್ಷನ್. ನಮ್ಮಜ್ಜಿಯನ್ನ ಅಲ್ಲಿಗೆ ಕರ್ಕೊಂಡು ಹೋಗಿ ಕೂರಿಸಿದ್ರೆ "ಪುಡಿ ಪರವಾಗಿಲ್ಲ, ಲೋಟ ಯಾಕೋ ಸ್ಟೀಲಲ್ಲ" ಅಂತಿದ್ರು.

ಭಾಗ 7 (ಚಿಕ್ಕದು)

ಮದ್ಯ ಇಲ್ಲದ ತಮ್ಮನ ಕಥೆ ನಿಮಗೆಲ್ಲಾ ಗೊತ್ತು, ಆದ್ರೆ ಹುಟ್ಟಿದ ಮನೆ ಗೊತ್ತಿರಲ್ಲ. ಫ್ರಾಪುಚೀನೊ ಸ್ಟಾರ್‌ಬಕ್ಸ್ ಮಾಡಿದ್ದಲ್ಲ. ಬಾಸ್ಟನ್ ಕಡೆ ಜಾರ್ಜ್ ಹೊವೆಲ್ ನಡೆಸ್ತಿದ್ದ ಕಾಫಿ ಕನೆಕ್ಷನ್ ಅನ್ನೋ ಅಂಗಡಿಗಳಲ್ಲಿ 1990ರ ದಶಕದ ಶುರುವಿನಲ್ಲಿ ಹುಟ್ಟಿದ್ದು. ಬೇಸಿಗೆಯಲ್ಲಿ ಬಿಸಿ ಕಾಫಿ ಯಾರಿಗೂ ಬೇಡ ಅನ್ನೋ ಅದೇ ಹಳೇ ತಲೆನೋವು. ಆ ಕಡೆ ಮಿಲ್ಕ್‌ಶೇಕ್‌ಗೆ "ಫ್ರಾಪ್" ಅಂತಾರೆ, ಅದಕ್ಕೆ ಕಪುಚೀನೊ ಸೇರಿಸಿ ಹೆಸರು ಮಾಡಿದ್ರು. 1994ರಲ್ಲಿ ಸ್ಟಾರ್‌ಬಕ್ಸ್ ಆ ಅಂಗಡಿಗಳನ್ನ ಕೊಂಡಾಗ ಹೆಸರೂ ಜೊತೆಗೆ ಹೋಯ್ತು, ಮರುವರ್ಷ ದೇಶವೆಲ್ಲಾ ಬಂತು.

ನಮ್ಮಲ್ಲಿ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೀತು. ಚಿಕ್ಕಮಗಳೂರಿನ ಕಾಫಿ, ಐಸ್‌ಕ್ರೀಂ ಹಾಕಿ ತಿರುಗಿಸಿದ ಎತ್ತರದ ಲೋಟ. ನಮ್ಮ ಸೀನಿಯರ್ಸ್ ಪೀಳಿಗೆಯ ಎಷ್ಟೋ ಲವ್ ಸ್ಟೋರಿಗಳು ಆ ಒಂದು ಲೋಟ, ಎರಡು ಸ್ಟ್ರಾ ಮೇಲೆ ನಿಂತಿದ್ದವು. ಅದರ ಮೇಲೆ ಬೇರೆ ಸರಣಿನೇ ಬರೀಬಹುದು, ಈಗ ಬೇಡ.

ಭಾಗ 8

ನಮ್ಮ ಅಡುಗೆಮನೆಗೆ ವಾಪಸ್ ಬರೋಣ. ಅಲ್ಲಿರೋದು ಬ್ಲೆಂಡರ್ ಅಲ್ಲ, ಮಿಕ್ಸಿ. ಎರಡೂ ಒಂದೇ ಅಲ್ವಾ ಅಂತೀರಾ? ಅಲ್ಲ.

ಪೊಪ್ಲಾವ್‌ಸ್ಕಿಯ ಯಂತ್ರ ಹುಟ್ಟಿದ್ದು ಹಾಲು ಕಲಸೋಕೆ. ಅಂಥ ಯಂತ್ರದಲ್ಲಿ ನೆನೆಸಿದ ಉದ್ದು, ಒಣ ಮೆಣಸಿನಕಾಯಿ, ಕೊಬ್ಬರಿ ಹಾಕಿದ್ರೆ ಏನಾಗುತ್ತೆ? ಮುಂಬೈಯಲ್ಲಿ ಮಾಧುರಿ ಮಾಥುರ್ ಅವರ ಮನೆಯಲ್ಲಿ ಆದದ್ದು ಅದೇ. ವಿದೇಶಿ ಮಿಕ್ಸರಿನ ಮೋಟಾರ್ ಸುಟ್ಟುಹೋಯ್ತು. ಅವರ ಗಂಡ ಸತ್ಯಪ್ರಕಾಶ್ ಮಾಥುರ್ ಇಂಜಿನಿಯರ್. ನಮ್ಮ ಅಡುಗೆಗೆ ತಡೆಯೋ ಮೋಟಾರ್ ಇಟ್ಟು 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಮಾಡಿದ್ರು. ಅದರಿಂದ ರುಬ್ಬೋ ಕಲ್ಲಿನ ಮುಂದೆ ದಿನಾ ಕೂರ್ತಿದ್ದ ಲಕ್ಷಾಂತರ ಹೆಂಗಸರ ಭುಜಕ್ಕೆ ಸ್ವಲ್ಪ ಬಿಡುವು ಸಿಕ್ತು. "ಹೆಂಡತಿಗಾಗಿ ಗಂಡ ಮಾಡಿದ ಮಿಕ್ಸಿ" ಅಂತ ಎಲ್ಲರೂ ಬರೀತಾರೆ. ದಿನಾ ರುಬ್ಬಿ ನೋಡಿ, ಇದು ನಮಗೆ ಆಗಲ್ಲ ಅಂತ ಕಂಡುಕೊಂಡವರು ಮಾಧುರಿ ಅನ್ನೋದನ್ನ ಮೊದಲ ಸಾಲಲ್ಲಿ ಬರೆದ್ರೆ ಏನು ಕಷ್ಟ?

ಅಂದ್ರೆ ಮಿಕ್ಸಿಯ ಮೋಟಾರಿಗೆ ಐಸ್ ಲೆಕ್ಕಕ್ಕಿಲ್ಲ. ತೊಂದರೆ ಜಾರಿನದು. ಬ್ಲೆಂಡರ್ ಜಾರು ಎತ್ತರವಾಗಿ ಕಿರಿದಾಗಿರುತ್ತೆ, ಸುಳಿ ಎದ್ದು ಮೇಲಿನ ಐಸ್ ಕೆಳಗೆ ಬ್ಲೇಡಿಗೆ ಬೀಳುತ್ತೆ. ನಮ್ಮ ಜಾರು ಅಗಲ, ಗಿಡ್ಡ. ಐಸ್ ಅಂಚಿಗೆ ಹಾರಿ ಅಲ್ಲೇ ಕೂರುತ್ತೆ. ಅದಕ್ಕೇ ಒಂದೇ ಸಮನೆ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸೋ ಪಲ್ಸ್ ಗುಂಡಿಯಲ್ಲಿ ಎರಡೆರಡು ಸೆಕೆಂಡ್, ಮಧ್ಯೆ ಒಮ್ಮೆ ಆಫ್ ಮಾಡಿ ಚಮಚದಿಂದ ಕೆಳಗೆ ತಳ್ಳಿ.

ಬಿಸಿ ಡಿಕಾಕ್ಷನ್ ಯಾವ ಕಾರಣಕ್ಕೂ ಬೇಡ. ಮುಚ್ಚಿದ ಜಾರಲ್ಲಿ ತಿರುಗಿದಾಗ ಒಮ್ಮೆಲೇ ಆವಿ ಎದ್ದು ಮುಚ್ಚಳ ಹಾರುತ್ತೆ. ಸಾಕ್ಷಿ ನಮ್ಮ ಗೋಡೆ.

ಭಾಗ 9

ಈ ಭಾನುವಾರ ಮತ್ತೆ ಮಾಡಿದ್ವಿ. ಈ ಸಲ ಮೇಲೆ ಹೇಳಿದ ಎಲ್ಲರ ಬುದ್ಧಿಯನ್ನೂ ಸಾಲ ತಗೊಂಡು. ಇಬ್ಬರಿಗೆ ಲೆಕ್ಕ ಹೇಳ್ತೀನಿ.

ಶನಿವಾರ ರಾತ್ರಿಯೇ ಗಟ್ಟಿ ಫಿಲ್ಟರ್ ಡಿಕಾಕ್ಷನ್ 150 ಎಂ.ಎಲ್. ಇಳಿಸಿ, ಅಷ್ಟೇ ನೀರು ಬೆರೆಸಿ, ಬಿಸಿ ಇರುವಾಗಲೇ ಮೂರು ದೊಡ್ಡ ಚಮಚ ಸಕ್ಕರೆ ಕರಗಿಸಿ. ಜಾಸ್ತಿ ಅನ್ನಿಸುತ್ತೆ, ಆದ್ರೆ ತಣ್ಣಗಿರೋದರಲ್ಲಿ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತೆ. ಜೊತೆಗೆ ಮಾರ್ಟಿನೆಜ್ ಪಾಠ ನೆನಪಿದೆಯಲ್ಲ, ಸಕ್ಕರೆ ಇದ್ರೆ ಐಸ್ ಕಲ್ಲಾಗಲ್ಲ, ಹರಳು ಸಣ್ಣದಾಗಿರುತ್ತೆ. ಚಿಕೋರಿ ಇರೋ ಪುಡಿ ಆದ್ರೆ ಒಳ್ಳೇದು, ಹಾಲು, ಐಸ್ ಎಲ್ಲದರ ಮಧ್ಯೆಯೂ ಅದರ ಕಹಿ ಕೇಳಿಸುತ್ತೆ.

ಇದು ಪೂರ್ತಿ ಆರಿದ ಮೇಲೆ ಮೂರರಲ್ಲಿ ಎರಡು ಪಾಲು ಐಸ್ ಟ್ರೇಗೆ, ಉಳಿದದ್ದು ಫ್ರಿಜ್‌ಗೆ. ಗುಟ್ಟು ಇರೋದು ಇಲ್ಲೇ. ನೀರಿನ ಐಸ್ ಹಾಕಿದ್ರೆ ಕರಗಿದಷ್ಟೂ ಸಪ್ಪೆ. ಕಾಫಿಯನ್ನೇ ಐಸ್ ಮಾಡಿದ್ರೆ ಕರಗಿದ್ರೂ ಕಾಫಿನೇ.

ಮರುದಿನ ಟ್ರೇ ಹೊರಗೆ ತೆಗೆದು ಐದು ನಿಮಿಷ ಬಿಡಿ. ಜಾರಿಗೆ ಮೊದಲು ಫ್ರಿಜ್ಜಿನ ಕಾಫಿ, ಎರಡು ಸ್ಕೂಪ್ ವೆನಿಲಾ ಐಸ್‌ಕ್ರೀಂ, ಆಮೇಲೆ ಕಾಫಿ ಐಸ್. ಅರ್ಧ ಜಾರಿಗಿಂತ ಜಾಸ್ತಿ ಬೇಡ.

ವಯಸ್ಸಾದವರು, ಆಮೇಲೆ ಗಾಡಿ ಓಡಿಸದವರು, ಬೇಕಾದ್ರೆ ತಲಾ 30 ಎಂ.ಎಲ್. ವಿಸ್ಕಿ ಅಥವಾ ಬ್ರಾಂಡಿ. ಅದಕ್ಕಿಂತ ಮೇಲೆ ಹೋಗ್ಬೇಡಿ, ಇದು ನೀತಿ ಪಾಠ ಅಲ್ಲ, ಬರೀ ಸೈನ್ಸು. ಮನೆ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ. ಶುದ್ಧ ಆಲ್ಕೋಹಾಲ್ ಹೆಪ್ಪುಗಟ್ಟೋದು ಮೈನಸ್ 114ರಲ್ಲಿ. ಬಾಟಲಿಯ ವಿಸ್ಕಿಯೇ ನಿಮ್ಮ ಫ್ರೀಜರ್‌ನಲ್ಲಿ ಗಟ್ಟಿಯಾಗಲ್ಲ. ಜಾಸ್ತಿ ಸುರಿದಷ್ಟೂ ಲೋಟದಲ್ಲಿ ಸಿಗೋದು ಪಾಯಸ. ಮದ್ಯ ಇಲ್ಲದವರು ಅದರ ಜಾಗಕ್ಕೆ ಅಷ್ಟೇ ತಣ್ಣನೆ ಹಾಲು ಹಾಕಿ, ಗುಡ್ಡೆ ಥರ ನಿಲ್ಲುತ್ತೆ.

ಪಲ್ಸ್, ನಿಲ್ಲಿಸು, ತಳ್ಳು, ಪಲ್ಸ್. ನಮಗೆ ಏಳೆಂಟು ಸಲ ಬೇಕಾಯ್ತು. ತಿರುಗೋ ಶಬ್ದ ಕಟಕಟದಿಂದ ಮೆತ್ತಗಾದಾಗ ನಿಲ್ಲಿಸಿ. ಲೋಟಗಳನ್ನೂ ಫ್ರೀಜರ್‌ನಲ್ಲಿ ಇಟ್ಟಿದ್ವಿ. ಮೇಲೆ ಚಿಟಿಕೆ ಕಾಫಿ ಪುಡಿ, ಡೆಕಾಟರ್ ರಸ್ತೆಯ ಲೆಕ್ಕದಲ್ಲಿ.

ಕೊನೆಯ ಫೋಟೊ ಅದರದ್ದೇ. ಸ್ಟೀಲ್ ಲೋಟದಲ್ಲಿ ಇರೋದು ನನ್ನದು, ಮದ್ಯ ಇಲ್ಲದ್ದು. ಸೋಮವಾರ ಇಂಟರ್ನಲ್ಸ್ ಇತ್ತು. ಹಿಂದೆ ಗೋಡೆಯ ಮೇಲೆ ಕಾಣೋ ಕಂದು ಕಲೆ ಇನ್ನೂ ಹೋಗಿಲ್ಲ, ಅದನ್ನ ತೆಗೆಯೋದು ಹೇಗೆ ಅಂತ ಗೊತ್ತಿದ್ದವರು ಓನರ್ ಆಂಟಿ ಬಾಡಿಗೆಗೆ ಬರೋ ಐದನೇ ತಾರೀಖಿನೊಳಗೆ ಹೇಳಿ.

#ಲೋಟದೊಳಗಿನಇತಿಹಾಸ #ಐರಿಶ್‌ಕಾಫಿ #ಮಿಕ್ಸಿಪುರಾಣ